ಪಿಕಪ್ ಗಾಡಿಗೆ ದೊಡ್ಡ ಟಾಯರು: ಕೊಳ್ಳುವ ಮೊದಲು ಕಲಿಯಬೇಕಾದ ಲೆಕ್ಕ



ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಮಾಲು ಸಾಗಿಸಲು ಚಕ್ಕಡಿಯೊಂದೇ ಸಾಧನವಾಗಿತ್ತು. ಇಂದು ಹಳಿಯಾಳದ ಕಬ್ಬು, ಗೋವಿನಜೋಳ, ಮುಂಡಗೋಡದ ಭತ್ತ, ಶುಂಠಿ, ಜೋಯಿಡಾದ ಗಡ್ಡೆಗೆಣಸು, ದಾಂಡೇಲಿ ಪೇಟೆಗೆ ಹೋಗುವ ಕಾಯಿಪಲ್ಲೆ, ಇವೆಲ್ಲಕ್ಕೂ ಪಿಕಪ್ ಗಾಡಿ ಬೇಕು. ಊರಿನಲ್ಲಿ ಒಬ್ಬರ ಹತ್ತಿರ ಪಿಕಪ್ ಇದ್ದರೆ ಹತ್ತು ಮನೆಯವರ ಕೆಲಸ ನಡೆಯುತ್ತದೆ. ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಬೇಕಾದಾಗಲೂ ಅದೇ ಗಾಡಿಯನ್ನು ಎಬ್ಬಿಸುತ್ತಾರೆ.

ಆದರೆ ಜೂನ್ ತಿಂಗಳು ಬಂತೆಂದರೆ ಕೆಂಪು ಮಣ್ಣಿನ ದಾರಿ ಕೆಸರಾಗುತ್ತದೆ. ಗಾಲಿಯ ಜಾಡು ಆಳವಾಗಿ, ನಡುವಿನ ದಿಣ್ಣೆ ಗಾಡಿಯ ಹೊಟ್ಟೆಗೆ ತಾಗುತ್ತದೆ. ಗಾಡಿ ಸಿಕ್ಕಿಬೀಳುತ್ತದೆ. ಆಗ ಯಾರಾದರೊಬ್ಬರು ಹೇಳುವ ಮಾತು ಒಂದೇ: “ದೊಡ್ಡ ಟಾಯರು ಹಾಕಿಸಿರಿ, ಎಲ್ಲಾ ಸರಿಹೋಗುತ್ತದೆ.” ಈ ಮಾತಿನಲ್ಲಿ ನಿಜವೆಷ್ಟು? ಗಾಡಿಯ ಮೈಯನ್ನು ಎತ್ತರಿಸುವ ಸಾಮಾನು ಹಾಕಿಸದೆ, ಕಂಪನಿಯಿಂದ ಬಂದ ಹಾಗೆಯೇ ಇರುವ ಗಾಡಿಗೆ ಎಷ್ಟು ದೊಡ್ಡ ಟಾಯರು ಕೂಡುತ್ತದೆ? ಅದರಿಂದ ಲಾಭವೇನು, ಹಾನಿಯೇನು? ಬೆಳೆ ಮಾರಿದ ಹಣವನ್ನು ಟಾಯರಿಗೆ ಸುರಿಯುವ ಮೊದಲು ಇದನ್ನು ತಿಳಿದುಕೊಳ್ಳುವುದು ಅವಶ್ಯ. ಇದೇ ಈ ಪಾಠದ ವಿಷಯ.

1. ಟಾಯರಿನ ಮೇಲಿನ ಅಂಕಿಗಳನ್ನು ಓದುವುದು

ಟಾಯರಿನ ಪಕ್ಕದ ಮೈಮೇಲೆ ಅಂಕಿಗಳು ಉಬ್ಬಿಕೊಂಡಿರುತ್ತವೆ. ಉದಾಹರಣೆಗೆ 215/75 ಆರ್ 15 ಎಂದು ಇದೆಯೆನ್ನಿ. ಇದರ ಅರ್ಥ ಹೀಗೆ:

215 ಎಂಬುದು ಟಾಯರಿನ ಅಗಲ, ಮಿಲಿಮೀಟರಿನಲ್ಲಿ.

75 ಎಂಬುದು ಪಕ್ಕದ ಗೋಡೆಯ ಎತ್ತರ. ಇದು ಮಿಲಿಮೀಟರು ಅಲ್ಲ. ಅಗಲದ ನೂರಕ್ಕೆ ಎಪ್ಪತ್ತೈದು ಪಾಲು ಎಂದರ್ಥ.

ಆರ್ ಎಂದರೆ ರೇಡಿಯಲ್ ಜಾತಿಯ ಟಾಯರು.

15 ಎಂಬುದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ.

ಈಗ ಇಡೀ ಟಾಯರಿನ ಎತ್ತರವನ್ನು ಲೆಕ್ಕ ಹಾಕೋಣ. ಒಂದು ಇಂಚಿಗೆ 25.4 ಮಿಲಿಮೀಟರು. ಆದುದರಿಂದ 15 ಇಂಚಿನ ರಿಮ್ಮು 381 ಮಿಲಿಮೀಟರು. 215ರಲ್ಲಿ ನೂರಕ್ಕೆ 75 ಎಂದರೆ 161.25. ಗೋಡೆ ರಿಮ್ಮಿನ ಮೇಲೆಯೂ ಇದೆ, ಕೆಳಗೆಯೂ ಇದೆ. ಆದ್ದರಿಂದ ಇದರ ಎರಡು ಪಟ್ಟು, ಅಂದರೆ 322.5. ಎರಡನ್ನೂ ಕೂಡಿಸಿದರೆ 703.5 ಮಿಲಿಮೀಟರು. ಇದು ಟಾಯರಿನ ಒಟ್ಟು ಎತ್ತರ.

ಇದೇ ರೀತಿ 225/75 ಆರ್ 15 ಟಾಯರಿನ ಎತ್ತರ 718.5 ಮಿಲಿಮೀಟರು. 235/75 ಆರ್ 15 ಟಾಯರಿನದು 733.5 ಮಿಲಿಮೀಟರು. ಸಾಹಸದ ಜೀಪುಗಳಿಗೆ ಹಾಕುವ 31 ಇಂಚಿನ ಟಾಯರು ಹೆಸರಿಗೆ ತಕ್ಕಂತೆ ಇದ್ದರೆ 787 ಮಿಲಿಮೀಟರು.

ಅಗಲದ ಅಂಕಿ ದೊಡ್ಡದಾದ ಮಾತ್ರಕ್ಕೆ ಟಾಯರು ಎತ್ತರವಾಗುವುದಿಲ್ಲ ಎಂಬುದನ್ನೂ ಗಮನಿಸಿರಿ. 235/60 ಆರ್ 15 ಟಾಯರಿನ ಎತ್ತರ 663 ಮಿಲಿಮೀಟರು ಮಾತ್ರ. ಅದು ನಮ್ಮ ಹಳೆಯ 215/75 ಟಾಯರಿಗಿಂತ ಅಗಲ, ಆದರೆ ಗಿಡ್ಡ. ಅದನ್ನು ಹಾಕಿದರೆ ಗಾಡಿ ಏಳುವುದಿಲ್ಲ, ಇಳಿಯುತ್ತದೆ. ಆದುದರಿಂದ ಅಂಗಡಿಯಲ್ಲಿ ಟಾಯರನ್ನು ಕಣ್ಣಿನಿಂದ ಅಳೆಯಬೇಡಿರಿ, ಅಂಕಿಯಿಂದ ಅಳೆಯಿರಿ.

2. ಗಾಡಿ ನಿಜವಾಗಿ ಎಷ್ಟು ಏಳುತ್ತದೆ?

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಟಾಯರು 30 ಮಿಲಿಮೀಟರು ಎತ್ತರವಾದರೆ ಗಾಡಿಯೂ 30 ಮಿಲಿಮೀಟರು ಏಳುತ್ತದೆಂದು ತಿಳಿಯುತ್ತಾರೆ. ಚಕ್ಕಡಿಯನ್ನು ನೆನೆಯಿರಿ. ಅಚ್ಚು ಇರುವುದು ಗಾಲಿಯ ನಡುವಿನಲ್ಲಿ. ಗಾಲಿ ದೊಡ್ಡದಾದರೆ ಅದರ ಅರ್ಧ ಅಚ್ಚಿನ ಮೇಲೆ ಬೆಳೆಯುತ್ತದೆ, ಅರ್ಧ ಕೆಳಗೆ. ಅಚ್ಚನ್ನು ಎತ್ತುವುದು ಕೆಳಗಿನ ಅರ್ಧ ಮಾತ್ರ.

ಆದ್ದರಿಂದ 215ರಿಂದ 225ಕ್ಕೆ ಹೋದರೆ ಗಾಡಿ ಏಳುವುದು ಏಳೂವರೆ ಮಿಲಿಮೀಟರು. 235ಕ್ಕೆ ಹೋದರೆ 15 ಮಿಲಿಮೀಟರು, ಅಂದರೆ ಒಂದು ಬೆರಳಿನ ಅಗಲ. 31 ಇಂಚಿನ ಟಾಯರಿಗೆ ಹೋದರೆ 42 ಮಿಲಿಮೀಟರು. ಆದರೆ ಅಷ್ಟು ದೊಡ್ಡ ಟಾಯರು ಎತ್ತರಿಸದ ಗಾಡಿಯಲ್ಲಿ ಸಾಧಾರಣವಾಗಿ ಕೂಡುವುದಿಲ್ಲ.

ಗಾಡಿಯ ಮೈಯನ್ನು ಎತ್ತರಿಸುವ ಸಾಮಾನು ಹಾಕಿದರೆ ಮೈ ಏಳುತ್ತದೆ ನಿಜ, ಆದರೆ ಹಿಂದಿನ ಅಚ್ಚಿನ ನಡುವಿರುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಜಾಡಿನ ನಡುವಿನ ದಿಣ್ಣೆಗೆ ಮೊದಲು ತಾಗುವುದು ಆ ಗುಂಡೇ. ಅದನ್ನು ಎತ್ತುವ ಶಕ್ತಿ ಟಾಯರಿಗೆ ಮಾತ್ರ ಇದೆ. ದೊಡ್ಡ ಟಾಯರಿನ ಪರವಾಗಿ ಹೇಳಬಹುದಾದ ಬಲವಾದ ಮಾತು ಇದು. ಇನ್ನೊಂದು ಲಾಭವೆಂದರೆ, ದೊಡ್ಡ ಗಾಲಿ ಗುಂಡಿಯಲ್ಲಿ ಕಡಮೆ ಇಳಿಯುತ್ತದೆ, ಕಲ್ಲನ್ನು ಸುಲಭವಾಗಿ ಹತ್ತುತ್ತದೆ. ಉಳವಿ ಜಾತ್ರೆಗೆ ಕಾಡುದಾರಿಯಲ್ಲಿ ಚಕ್ಕಡಿ ಹೂಡಿಕೊಂಡು ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೆಸರಿನಲ್ಲಿ ಗಾಲಿ ಸುಮ್ಮನೆ ತಿರುಗುವ ತೊಂದರೆಗೆ ಎತ್ತರ ಮದ್ದಲ್ಲ. ಅಲ್ಲಿ ಬೇಕಾದುದು ಹಿಡಿತ. ಹಿಡಿತ ಬರುವುದು ಟಾಯರಿನ ಮೇಲಿನ ಗುಬುಟುಗಳಿಂದ ಮತ್ತು ಅವುಗಳ ನಡುವಿನ ಆಳದಿಂದ. ಮೇಲೆ ತೆಳುವಾದ ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ ನೆಲ ಇರುವ ದಾರಿಯಲ್ಲಿ ತೀರ ಅಗಲವಾದ ಟಾಯರು ಕೆಸರಿನ ಮೇಲೆ ತೇಲಿ ಜಾರುವುದುಂಟು. ಅಗಲ ಕಡಮೆಯಿರುವುದು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಹಿಡಿಯುತ್ತದೆ.

3. ದೊಡ್ಡ ಟಾಯರಿಗೆ ಕೊಡಬೇಕಾದ ಬೆಲೆ

ಅಂಗಡಿಯಲ್ಲಿ ಕೊಡುವ ಹಣವಲ್ಲದೆ ಬೇರೆ ಬೆಲೆಯೂ ಉಂಟು.

ಮೀಟರು: ಗಾಲಿ ಎಷ್ಟು ಸುತ್ತು ತಿರುಗಿತೆಂಬುದರ ಮೇಲೆ ಮೀಟರು ವೇಗವನ್ನು ತೋರಿಸುತ್ತದೆ. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. 215ರ ಬದಲು 235 ಹಾಕಿದರೆ ವ್ಯತ್ಯಾಸ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಟಾಯರಿನಲ್ಲಿ ಮೀಟರು ಸರಿಯಾಗಿ ತೋರಿಸುತ್ತಿದ್ದರೆ, ಈಗ ಅದು 60 ತೋರಿಸುವಾಗ ಗಾಡಿ 62.5 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. 31 ಇಂಚಿನದಾದರೆ 50 ತೋರಿಸುವಾಗ 56. ಮೀಟರು ನೋಡಿ ಎಣ್ಣೆ ಬದಲಿಸುವವರು, ಮೀಟರಿನಲ್ಲಿ 10,000 ಆದಾಗ ಗಾಡಿ ನಿಜವಾಗಿ 10,400 ಕಿಲೋಮೀಟರು ದಾಟಿರುತ್ತದೆ ಎಂಬುದನ್ನು ನೆನಪಿಡಬೇಕು.

ಎಳೆತ: ಎಂಜಿನಿನ ಶಕ್ತಿ ಅಷ್ಟೇ, ಗಾಲಿ ಮಾತ್ರ ದೊಡ್ಡದು. ಆದುದರಿಂದ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಕಡಮೆಯಾಗುತ್ತದೆ. 235ರಲ್ಲಿ ನೂರಕ್ಕೆ ಸುಮಾರು ನಾಲ್ಕು, 31 ಇಂಚಿನದರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಬಯಲಿನಲ್ಲಿ ಇದು ತಿಳಿಯಲಿಕ್ಕಿಲ್ಲ. ಹೇರು ತುಂಬಿಕೊಂಡು ಏರು ಹತ್ತುವಾಗ ತಿಳಿಯುತ್ತದೆ. ಒಂದು ಗೇರು ಕೆಳಗಿಳಿಸಬೇಕಾಗುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ, ಡೀಸೆಲ್ ಹೆಚ್ಚು ಉರಿಯುತ್ತದೆ.

ಬ್ರೇಕು: ಇದು ಎಲ್ಲಕ್ಕಿಂತ ಮುಖ್ಯವಾದುದು. ಎಳೆತಕ್ಕೆ ಹೇಳಿದ ಲೆಕ್ಕವೇ ಬ್ರೇಕಿಗೂ ಹೊಂದುತ್ತದೆ. ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ನೆಲದ ಮೇಲೆ ಹತ್ತುವ ತಡೆ ನೂರಕ್ಕೆ ನಾಲ್ಕರಷ್ಟು ಕಡಮೆ. ಇದರ ಮೇಲೆ ದೊಡ್ಡ ಟಾಯರು ಹೆಚ್ಚು ಭಾರವಾಗಿರುತ್ತದೆ; ತಿರುಗುವ ಭಾರವನ್ನು ನಿಲ್ಲಿಸಲು ಹೆಚ್ಚು ಶ್ರಮ ಬೇಕು. ಅಣಶಿ ಘಟ್ಟವನ್ನು ತುಂಬಿದ ಗಾಡಿಯಲ್ಲಿ ಇಳಿಯುವಾಗ ಬ್ರೇಕು ಹೇಗೆ ಕಾಯುತ್ತದೆಂಬುದನ್ನು ಬಲ್ಲವರು ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲಾರರು. ದೊಡ್ಡ ಟಾಯರು ಹಾಕಿಸುವವರು ಮೊದಲು ಬ್ರೇಕಿನ ಪ್ಯಾಡು, ಲೈನಿಂಗು ಮತ್ತು ಎಣ್ಣೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಇಳಿಯತಕ್ಕದ್ದು.

ಹೊರೆ: ಟಾಯರು ದೊಡ್ಡದಾದರೆ ಹೆಚ್ಚು ಹೇರು ಹೊರುತ್ತದೆಂಬುದು ತಪ್ಪು ಕಲ್ಪನೆ. ಅಳತೆಯ ಮುಂದೆ ಇನ್ನೊಂದು ಅಂಕಿ ಇರುತ್ತದೆ. ಅದು ಹೊರೆಯ ಅಂಕಿ. 100 ಎಂದಿದ್ದರೆ ಒಂದು ಟಾಯರು 800 ಕಿಲೋ ಹೊರಬಲ್ಲುದು; 106 ಎಂದಿದ್ದರೆ 950 ಕಿಲೋ; 112 ಎಂದಿದ್ದರೆ 1,120 ಕಿಲೋ. ಜನ ಕೂಡುವ ಜೀಪು ಕಾರುಗಳಿಗಾಗಿ ಮಾಡಿದ ಟಾಯರು ನೋಡಲು ದಪ್ಪವಾಗಿದ್ದರೂ ಅದರ ಹೊರೆಯ ಅಂಕಿ ನಿಮ್ಮ ಪಿಕಪ್ಪಿನ ಟಾಯರಿನದಕ್ಕಿಂತ ಕಡಮೆ ಇರಬಹುದು. ಅಂಥದನ್ನು ಹಾಕಿ ಗೊಬ್ಬರದ ಚೀಲ ಹೇರಿದರೆ ಟಾಯರು ಕಾಯ್ದು ದಾರಿಯಲ್ಲಿ ಒಡೆಯುವ ಭಯವುಂಟು. ಹೊಸ ಟಾಯರಿನ ಹೊರೆಯ ಅಂಕಿ ಹಳೆಯದಕ್ಕಿಂತ ಕಡಮೆ ಇರಲೇಬಾರದು.

4. ಕೂಡುತ್ತದೆಯೋ ಇಲ್ಲವೋ ನೋಡುವ ಕ್ರಮ

ಖಾಲಿ ಗಾಡಿ ಸಮನಾದ ನೆಲದ ಮೇಲೆ ನಿಂತಾಗ ಟಾಯರಿನ ಸುತ್ತ ಬೇಕಾದಷ್ಟು ಜಾಗ ಕಾಣುತ್ತದೆ. ಅದನ್ನು ನಂಬಬೇಡಿರಿ. ತಿರುವಿನಲ್ಲಿ, ಗುಂಡಿಯಲ್ಲಿ, ಹೇರಿನ ಕೆಳಗೆ ಆ ಜಾಗ ಉಳಿಯುವುದಿಲ್ಲ. ಟಾಯರು ಕೊಳ್ಳುವ ಮೊದಲು ಹಳೆಯ ಟಾಯರಿನ ಮೇಲೆಯೇ ಹೀಗೆ ಅಳೆದು ನೋಡಿರಿ:

ಮೊದಲನೆಯದಾಗಿ, ಗಾಡಿಯಲ್ಲಿ ಕಾಯಿದೆಯ ಮಿತಿಯಷ್ಟು ಹೇರು ತುಂಬಿರಿ.

ಎರಡನೆಯದಾಗಿ, ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿರಿ. ಎರಡೂ ಮುಂದಿನ ಟಾಯರುಗಳಿಂದ ಹತ್ತಿರದ ಭಾಗಕ್ಕೆ ಎಷ್ಟು ಜಾಗವಿದೆ, ಅಳೆದು ಬರೆದುಕೊಳ್ಳಿರಿ. ಬಂಪರಿನ ಮೂಲೆ, ಮಡ್ ಗಾರ್ಡಿನ ಒಳಪದರು, ಹಿಂಭಾಗದ ರಬ್ಬರು ಪರದೆ, ಒಳಗಡೆಯ ಚಾಸಿಸ್ಸು ಮತ್ತು ಬ್ರೇಕಿನ ಎಣ್ಣೆಯ ಕೊಳವೆ, ಇವು ನೋಡಬೇಕಾದ ಸ್ಥಳಗಳು. ಬಲಕ್ಕೆ ತಿರುಗಿಸಿ ಮತ್ತೆ ಅಳೆಯಿರಿ.

ಮೂರನೆಯದಾಗಿ, ಒಂದು ಮುಂದಿನ ಗಾಲಿಯನ್ನು ಗಟ್ಟಿಯಾದ ಅಗಲ ಕಲ್ಲು ಅಥವಾ ದಿಮ್ಮಿಯ ಮೇಲೆ ನಿಧಾನವಾಗಿ ಹತ್ತಿಸಿರಿ. ಎಂಜಿನು ನಿಲ್ಲಿಸಿ, ಕೈಬ್ರೇಕು ಎಳೆದು, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ ಮೇಲೆಯೇ ಅಳೆಯಿರಿ. ಗಾಡಿಯ ಕೆಳಗೆ ಯಾರೂ ತೂರಬಾರದು. ಹಿಂದಿನ ಗಾಲಿಗೂ ಹೀಗೆಯೇ ಮಾಡಿರಿ. ಅಲ್ಲಿ ಪಾಟಾ ಬಗ್ಗಿ ಟಾಯರು ತೊಟ್ಟಿಯ ತಳಕ್ಕೆ ಎಷ್ಟು ಹತ್ತಿರ ಬರುತ್ತದೆಂಬುದನ್ನು ನೋಡಿರಿ.

ನಾಲ್ಕನೆಯದಾಗಿ, ಅಳತೆಯಿಂದ ಹೊಸ ಟಾಯರಿನ ಹೆಚ್ಚಳವನ್ನು ಕಳೆಯಿರಿ. 215ರಿಂದ 235ಕ್ಕೆ ಹೋಗುವುದಾದರೆ ಮೇಲುಗಡೆ, ಹಿಂದೆ, ಮುಂದೆ 15 ಮಿಲಿಮೀಟರು. ಒಳಗಡೆ, ಹೊರಗಡೆ 10 ಮಿಲಿಮೀಟರು. ಉಳಿದ ಜಾಗ ಅತಿ ಬಿಗಿಯಾದ ಸ್ಥಳದಲ್ಲಿಯೂ ಎರಡು ಬೆರಳಿಗಿಂತ ಕಡಮೆಯಾದರೆ ಆ ಟಾಯರು ಬೇಡ. ನಮ್ಮ ಕೆಂಪು ಕೆಸರು ಟಾಯರಿಗೆ ಮೆತ್ತಿಕೊಳ್ಳುತ್ತದೆಂಬುದನ್ನು ಮರೆಯಬೇಡಿರಿ. ಬೇಸಿಗೆಯಲ್ಲಿ ಕೂಡಿದ ಟಾಯರು ಆಷಾಢದಲ್ಲಿ ಉಜ್ಜುತ್ತದೆ.

ರಿಮ್ಮಿನ ಅಗಲವನ್ನೂ ನೋಡಿರಿ. 235/75 ಅಳತೆಗೆ ಕನಿಷ್ಠ 6 ಇಂಚು ಅಗಲದ ರಿಮ್ಮು ಬೇಕು. ಅಗಲದ ಅಂಕಿ ರಿಮ್ಮಿನ ಮೇಲೆಯೇ ಒತ್ತಿರುತ್ತದೆ. ಕಿರಿದಾದ ರಿಮ್ಮಿಗೆ ಅಗಲ ಟಾಯರನ್ನು ಕೂಡಿಸಿದರೆ ಅದು ತಿರುವಿನಲ್ಲಿ ಹೊಯ್ದಾಡುತ್ತದೆ.

ಕೆಲವರು ಜಾಗ ಸಾಲದಾಗ ಗಾಲಿಯನ್ನು ಹೊರಗೆ ತಳ್ಳುವ ಬಿಲ್ಲೆಗಳನ್ನು ಹಾಕಿಸುತ್ತಾರೆ, ಮಡ್ ಗಾರ್ಡನ್ನು ಕೊಯ್ಸುತ್ತಾರೆ, ಪಾಟಾ ಹೆಚ್ಚಿಸುತ್ತಾರೆ. ಬಿಲ್ಲೆಯಿಂದ ಬೇರಿಂಗಿನ ಮೇಲೂ ಗಾಲಿಯ ಬೋಲ್ಟುಗಳ ಮೇಲೂ ಭಾರ ಬೀಳುತ್ತದೆ. ಕೊಯ್ದ ತಗಡು ಟಾಯರಿಗೆ ಕತ್ತಿಯಾಗುತ್ತದೆ. ಇವು ಯಾವುವೂ ಬೇಡ. ಟಾಟಾ ಏಸ್‌ನಂಥ 12 ಇಂಚಿನ ಗಾಲಿಯ ಚಿಕ್ಕ ಗಾಡಿಗಳವರಂತೂ ಕಂಪನಿಯ ಅಳತೆಯನ್ನು ಬಿಡದಿರುವುದೇ ಲೇಸು.

5. ಕಾಯಿದೆ ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಕಾಯಿದೆ ಒಪ್ಪದ ಮಾರ್ಪಾಡು ಮಾಡಿಸಿದ ಮಾಲಿಕನಿಗೆ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಬಹುದು.

ಸರಕು ಗಾಡಿಯ ನೋಂದಣಿಯಲ್ಲಿ ಟಾಯರಿನ ಅಳತೆಯೂ ನಮೂದಾಗುತ್ತದೆ. ಆದುದರಿಂದ ಕ್ಷೇಮವಾದ ದಾರಿ ಒಂದೇ. ಗಾಡಿಯ ಜೊತೆಗೆ ಬಂದ ಪುಸ್ತಕವನ್ನು ಮತ್ತು ಬಾಗಿಲಿನ ಹತ್ತಿರವಿರುವ ಚೀಟಿಯನ್ನು ಓದಿರಿ. ಅದೇ ಮಾದರಿಗೆ ಕಂಪನಿ ಒಂದಕ್ಕಿಂತ ಹೆಚ್ಚು ಅಳತೆಗಳನ್ನು ಒಪ್ಪಿದ್ದರೆ ಅವುಗಳಲ್ಲಿ ದೊಡ್ಡದನ್ನು ಆರಿಸಿರಿ. ನೋಂದಣಿಯಲ್ಲಿರುವ ಅಳತೆಗೂ ಅದಕ್ಕೂ ವ್ಯತ್ಯಾಸವಿದ್ದರೆ ನಿಮ್ಮ ಗಾಡಿ ನೋಂದಣಿಯಾಗಿರುವ ಸಾರಿಗೆ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ತಿಳಿಯಿರಿ. ಮೊದಲು ಕೇಳುವುದು, ಆಮೇಲೆ ಕೊಳ್ಳುವುದು. ಅನುಮತಿಯಿಲ್ಲದ ಟಾಯರಿನಲ್ಲಿ ಗಾಡಿಗೆ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅವಕಾಶವಾಗುತ್ತದೆ. ಒಂದು ಟಾಯರಿನ ಆಸೆಗೆ ಮನೆತನದ ಗಂಟು ಹೋಗಬಾರದು.

6. ಮೊದಲು ಮಾಡಿ ನೋಡಬೇಕಾದ ಕಡಮೆ ಖರ್ಚಿನ ಉಪಾಯಗಳು

ಅಳತೆಯನ್ನು ಬದಲಿಸದೆ, ಅದೇ ಅಳತೆಯಲ್ಲಿ ಆಳವಾದ ಗುಬುಟುಗಳಿರುವ ಟಾಯರು ಕೇಳಿರಿ. ಮಳೆಗಾಲದ ತೊಂದರೆಯಲ್ಲಿ ದೊಡ್ಡ ಪಾಲು ಇದರಿಂದಲೇ ಕಡಮೆಯಾಗುತ್ತದೆ. ಕಾಯಿದೆಯಂತೆ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಬಾರದು. ಆದರೆ ಕೆಸರಿನ ದಾರಿಯವರು ಅಷ್ಟು ಸವೆಯುವ ತನಕ ಕಾಯಬಾರದು. ಮೇ ತಿಂಗಳಲ್ಲಿಯೇ ನೋಡಿ ಬದಲಿಸಿರಿ.

ಟಾಯರು ಯಾವಾಗ ತಯಾರಾಯಿತೆಂಬುದನ್ನೂ ಓದಿರಿ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೆಯ ವರ್ಷದ 23ನೆಯ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟಾಯರಿಗೆ ಹೊಸದರ ಬೆಲೆ ಕೊಡಬೇಡಿರಿ.

ಖಾಲಿ ಗಾಡಿ ಕೆಸರಿನಲ್ಲಿ ಸಿಕ್ಕಾಗ ಹಿಂದಿನ ಟಾಯರುಗಳ ಗಾಳಿಯನ್ನು ಕಾಲುಭಾಗದಷ್ಟು ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಆದರೆ ನಡಿಗೆಯ ವೇಗದಲ್ಲಿ ಮಾತ್ರ ಸಾಗಬೇಕು. ಡಾಂಬರು ರಸ್ತೆ ಮುಟ್ಟುವ ಮೊದಲು ಗಾಳಿ ತುಂಬಬೇಕು. ಪಂಪಿಲ್ಲದವರು, ಹೇರು ತುಂಬಿದವರು ಇದನ್ನು ಮಾಡಬಾರದು. ಗಾಡಿಯಲ್ಲಿ ಒಂದು ಸಲಿಕೆ, ಎರಡು ಹಲಗೆ, ನಾಲ್ಕು ಗೋಣಿಚೀಲ, ಒಂದು ಗಟ್ಟಿ ಹಗ್ಗ ಇರಲಿ.

ಇನ್ನು ದಾರಿಯ ಮಾತು. ಜಾಡು ಆಳವಾಗುವುದು ದಾರಿಯ ಮೇಲೆ ನೀರು ನಿಲ್ಲುವುದರಿಂದ. ಮಳೆ ಬೀಳುವ ಮೊದಲು ಊರಿನವರು ಸೇರಿ ಎರಡೂ ಮಗ್ಗುಲಿಗೆ ಚರಂಡಿ ತೋಡಿ, ಗುಂಡಿಗೆ ಜಂಬಿಟ್ಟಿಗೆ ಚೂರು ತುಂಬಿ, ನಡುವಿನ ದಿಣ್ಣೆಯನ್ನು ಸವರಿದರೆ ಗಾಡಿಯ ಹೊಟ್ಟೆಗೆ ನೆಲ ತಾಗುವುದಿಲ್ಲ. 235ರ ಟಾಯರು ಕೊಡುವುದು ಒಂದು ಬೆರಳಿನ ಎತ್ತರ. ಸಲಿಕೆ ಹಿಡಿದರೆ ಒಂದು ಗೇಣು ದಿಣ್ಣೆ ಇಳಿಯುತ್ತದೆ. ಇದರ ಲಾಭ ಗಾಡಿಯಿದ್ದವರಿಗೂ ಇಲ್ಲದವರಿಗೂ ಸಮ. ದಾರಿ ಅರಣ್ಯದಲ್ಲಿ ಹಾಯುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಕೆಲಸ ಹಿಡಿಯಿರಿ. ಉಳಿದ ಕಡೆ ಗ್ರಾಮ ಪಂಚಾಯತಿಗೆ ತಿಳಿಸಿರಿ.

7. ಹಾಕಿಸುವುದೇ ಆದರೆ

ನಾಲ್ಕೂ ಗಾಲಿಗಳಿಗೆ ಒಂದೇ ಅಳತೆ ಇರಲಿ. ಒಂದೇ ಅಚ್ಚಿನ ಎರಡು ಗಾಲಿಗಳಲ್ಲಿ ಭೇದ ಇರಲೇಬಾರದು. ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲಿ ಮುಂದೊಂದು ಹಿಂದೊಂದು ಅಳತೆ ಹಾಕಿದರೆ ಗೇರುಪೆಟ್ಟಿಗೆಯೇ ಕೆಡುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಾಗಬೇಕು. ತೊಟ್ಟಿಯ ಕೆಳಗೆ ಅದು ಕೂಡುತ್ತದೆಯೇ ನೋಡಿರಿ. ಹಾಕಿಸಿದ ಮೇಲೆ ಅಲೈನ್‌ಮೆಂಟು ಮಾಡಿಸಿರಿ. ಐವತ್ತು, ನೂರು ಕಿಲೋಮೀಟರು ಓಡಿಸಿದ ನಂತರ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಮೊದಲ ಹೇರು ಸಾಗಿಸಿ ಬಂದ ಮೇಲೆ ಮಡ್ ಗಾರ್ಡಿನ ಒಳಗೆ ಉಜ್ಜಿದ ಗುರುತು ಇದೆಯೇ ಎಂದು ಕೈಯಾಡಿಸಿ ನೋಡಿರಿ. ಗುರುತು ಕಂಡರೆ ಆ ಟಾಯರು ನಿಮ್ಮ ಗಾಡಿಯದಲ್ಲ.

ನೆನಪಿಡತಕ್ಕ ಮಾತುಗಳು

ಟಾಯರು ಬೆಳೆದ ಅರ್ಧದಷ್ಟೇ ಗಾಡಿ ಏಳುತ್ತದೆ. ಎತ್ತರ ಬೇರೆ, ಹಿಡಿತ ಬೇರೆ. ಹೊರೆಯ ಅಂಕಿ ಇಳಿಯಬಾರದು. ತುಂಬಿದ ಗಾಡಿಯಲ್ಲಿ, ಪೂರ್ತಿ ತಿರುಗಿಸಿ ಅಳೆಯಬೇಕು. ಕಂಪನಿ ಒಪ್ಪಿದ ಅಳತೆಯನ್ನು ದಾಟಬಾರದು. ಬ್ರೇಕು ಸರಿಯಿಲ್ಲದ ಗಾಡಿಗೆ ದೊಡ್ಡ ಟಾಯರು ಬೇಡವೇ ಬೇಡ.

ಅಭ್ಯಾಸ

(1) ನಿಮ್ಮ ಊರಿನ ಒಂದು ಪಿಕಪ್ಪಿನ ಟಾಯರಿನ ಅಂಕಿ ಬರೆದುಕೊಂಡು ಅದರ ಎತ್ತರವನ್ನು ಲೆಕ್ಕ ಹಾಕಿರಿ. ಅಳತೆಪಟ್ಟಿಯಿಂದ ಅಳೆದು ಹೋಲಿಸಿರಿ.

(2) 195/80 ಆರ್ 15 ಟಾಯರು ತೆಗೆದು 215/75 ಆರ್ 15 ಹಾಕಿದರೆ ಗಾಡಿ ಎಷ್ಟು ಏಳುತ್ತದೆ? (ಉತ್ತರ: ಹಳೆಯದರ ಎತ್ತರ 693, ಹೊಸದರದು 703.5. ಹೆಚ್ಚಳ ಹತ್ತೂವರೆ. ಗಾಡಿ ಏಳುವುದು ಐದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ.)

(3) ನಿಮ್ಮ ಊರಿನ ದಾರಿಯಲ್ಲಿ ಗಾಡಿಗಳು ಸಿಕ್ಕಿಬೀಳುವ ಸ್ಥಳಗಳೆಷ್ಟು? ಅವುಗಳಲ್ಲಿ ಎಷ್ಟನ್ನು ಒಂದು ದಿನದ ಶ್ರಮದಾನದಿಂದ ಸರಿಪಡಿಸಬಹುದು? ಊರಿನ ಕಟ್ಟೆಯ ಮೇಲೆ ಕುಳಿತು ಚರ್ಚಿಸಿರಿ, ಮೇ ತಿಂಗಳು ಮುಗಿಯುವುದರೊಳಗೆ ದಿನ ಗೊತ್ತುಮಾಡಿರಿ.